ಪಾಪರ್ ಚೀಟಿ ತಗೊಂಡ್ರೆ ಸಾಲ ಹೋಗುತ್ತಾ? ದಿವಾಳಿ ಅರ್ಜಿಗೆ ಮುನ್ನ ಮಾಡಬೇಕಾದ್ದು, ಮಾಡಬಾರದ್ದು

ಮಂಡ್ಯ, ಮೈಸೂರು ಕಡೆ ಸಾಲ ಮಿತಿ ಮೀರಿದವರಿಗೆ ಎರಡು ಬಗೆಯ ಸಲಹೆ ಪುಕ್ಕಟೆ ಸಿಗುತ್ತದೆ. ಒಂದು, 'ಸುಮ್ನೆ ಒಂದು ಐಪಿ ಹಾಕಿಬಿಡು, ಪಾಪರ್ ಚೀಟಿ ಸಿಕ್ಕಿದ್ರೆ ಎಲ್ಲಾ ಮುಗಿಯುತ್ತೆ.' ಐಪಿ ಅಂದರೆ ಕೋರ್ಟಿಗೆ ಹಾಕುವ ದಿವಾಳಿ ಅರ್ಜಿ, ಪಾಪರ್ ಚೀಟಿ ಅಂದರೆ ನೀವು ದಿವಾಳಿ ಅಂತ ಕೋರ್ಟ್ ಮಾಡುವ ಘೋಷಣೆ. ಇನ್ನೊಂದು, 'ಕೋರ್ಟಿಗೆ ಹೋದ್ರೆ ಮನೆ, ಹೊಲ ಎಲ್ಲಾ ಹೋಗುತ್ತೆ, ಜೈಲಿಗೂ ಹಾಕ್ತಾರೆ.' ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ತರಾತುರಿಯಲ್ಲಿ ಜಮೀನನ್ನು ಹೆಂಡತಿ ಹೆಸರಿಗೆ ಬರೆಯುತ್ತಾರೆ. ಎರಡನೆಯದನ್ನು ನಂಬಿದವರು ಹಳೇ ಸಾಲ ತೀರಿಸಲು ಮೀಟರ್ ಬಡ್ಡಿಗೆ ಕೈ ಹಾಕುತ್ತಾರೆ. ದಿವಾಳಿ ಕೇಸುಗಳು ಹೆಚ್ಚಾಗಿ ಕೆಡುವುದು ಅರ್ಜಿ ಹಾಕುವ ಮೊದಲಿನ ಈ ತಿಂಗಳುಗಳಲ್ಲೇ. ಅದಕ್ಕೆ ಈ ಬರಹದ ಅರ್ಧ ಭಾಗ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲಿನ ಕೆಲಸಗಳ ಬಗ್ಗೆಯೇ ಇದೆ.

ಮೊದಲು: ನಿಮಗೆ ಯಾವ ಕಾನೂನು ಅನ್ವಯ ಅಂತ ತಿಳಿದುಕೊಳ್ಳಿ

ಮೊಬೈಲಿನಲ್ಲಿ ದಿವಾಳಿ ಅಂತ ಹುಡುಕಿದರೆ 'ಚಾಪ್ಟರ್ 7', 'ಚಾಪ್ಟರ್ 13' ಅನ್ನುವ ವಿಡಿಯೊಗಳು ಬರುತ್ತವೆ. ಅದು ಅಮೆರಿಕದ ಕಾನೂನು. ನಮಗೆ ಸಂಬಂಧವೇ ಇಲ್ಲ.

ಎರಡನೇ ಗೊಂದಲ ನಮ್ಮ ದೇಶದ್ದೇ. 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಪೇಪರಿನಲ್ಲಿ ದಿನಾ ಬರುತ್ತದೆ. ಅದರಲ್ಲಿ ವ್ಯಕ್ತಿಗಳಿಗೆ ಅಂತ ಒಂದು ಭಾಗ ಇರುವುದೂ ನಿಜ. ಆದರೆ 2019ರ ಡಿಸೆಂಬರ್ 1ರಿಂದ ಆ ಭಾಗ ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಅಂಗಡಿ ಇಟ್ಟವರು, ಟೆಂಪೊ ಓಡಿಸುವವರು, ಆಲೆಮನೆ ನಡೆಸುವವರು, ಸಂಬಳದವರು ಇವರಿಗೆಲ್ಲ ಇವತ್ತಿಗೂ ಲೆಕ್ಕಕ್ಕೆ ಬರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹೊಸ ಭಾಗವನ್ನು ಸರ್ಕಾರ ಯಾವಾಗ ಬೇಕಾದರೂ ಜಾರಿ ಮಾಡಬಹುದು. ಹಾಗಾಗಿ ಅರ್ಜಿ ಹಾಕುವ ಮುಂಚೆ ವಕೀಲರ ಹತ್ತಿರ ಇದೊಂದನ್ನು ಖಚಿತ ಮಾಡಿಕೊಳ್ಳಿ.

ಐಬಿಸಿಯಲ್ಲಿ ಬಡವರ ಸಾಲ ಮನ್ನಾಕ್ಕೆ 'ಹೊಸ ಆರಂಭ' ಅಂತ ಒಂದು ದಾರಿ ಇದೆ ಅಂತಲೂ ಕೆಲವರು ಹೇಳುತ್ತಾರೆ. ಕಾಗದದಲ್ಲಿ ಇದೆ. ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅದಿನ್ನೂ ಸಾಮಾನ್ಯರಿಗೆ ಜಾರಿಯಾಗಿಲ್ಲ. ಆದರೂ ಏನು ಬಂತು ಹೇಳಿ? ನಮ್ಮ ಕಡೆ ಎರಡು ಸಂಘದ ಸಾಲ ಸೇರಿದರೆ 35,000 ದಾಟುತ್ತೆ.

ಇನ್ನೊಂದು, ಕರ್ನಾಟಕದ ಋಣ ಪರಿಹಾರ ಕಾಯ್ದೆ. 2019ರಲ್ಲಿ ಅದು ಜಾರಿಗೆ ಬಂದಾಗ ಎಸಿ ಆಫೀಸುಗಳ ಮುಂದೆ ಜನ ಸಾಲುಗಟ್ಟಿದ್ದರು. ಸಣ್ಣ ರೈತರು, ಭೂಮಿ ಇಲ್ಲದವರು, ಬಡವರು ಖಾಸಗಿಯವರ ಹತ್ತಿರ ಮಾಡಿದ ಸಾಲಕ್ಕೆ ಒಂದೇ ಬಾರಿಗೆ ಕೊಟ್ಟ ಪರಿಹಾರ ಅದು. ಅದನ್ನು ಈಗಲೂ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರಿದ್ದರೆ ದೂರ ಇಡಿ.

ಒಂದು ವಾರ ಕೂತು ಪಟ್ಟಿ ಮಾಡಿ

ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಎಡಗಡೆ ಸಾಲ, ಬಲಗಡೆ ಆಸ್ತಿ. ದಿವಾಳಿ ಅರ್ಜಿಯಲ್ಲಿ ಕೋರ್ಟ್ ಕೇಳುವುದೂ ಇದನ್ನೇ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ. ನಿಮ್ಮ ಪ್ರತಿಯೊಂದು ಆಸ್ತಿ, ಅದರ ಬೆಲೆ, ಅದು ಎಲ್ಲಿದೆ ಅನ್ನುವುದು.

'ಬ್ಯಾಂಕ್ ಸಾಲ ಮಾತ್ರ ಬರೆದರೆ ಸಾಕು, ಕೈಸಾಲ ಬೇಡ' ಅನ್ನುವುದು ತಪ್ಪು ತಿಳಿವಳಿಕೆ. ಭಾವಮೈದನ ಹತ್ತಿರ ತಗೊಂಡಿದ್ದು, ಪ್ರೋನೋಟ್ ಬರೆದುಕೊಟ್ಟಿದ್ದು, ಗೊಬ್ಬರದ ಅಂಗಡಿ ಬಾಕಿ, ಸೊಸೈಟಿ ಸಾಲ, ಚೀಟಿ ಎತ್ತಿದ ಮೇಲೆ ಕಟ್ಟಬೇಕಾದ ಕಂತು, ಎಲ್ಲವನ್ನೂ ಬರೆಯಿರಿ. ಪ್ರತಿ ಸಾಲದ ಮುಂದೆ ನಾಲ್ಕು ವಿಷಯ ಗುರುತು ಮಾಡಿ. ಅಡಮಾನ ಏನಿದೆ? ಜಾಮೀನು ಯಾರು? ಖಾಲಿ ಚೆಕ್ ಕೊಟ್ಟಿದ್ದೀರಾ? ಕೊನೇ ಸಲ ದುಡ್ಡು ಕಟ್ಟಿದ್ದು ಯಾವಾಗ?

ಕೊನೇ ಪ್ರಶ್ನೆ ಮುಖ್ಯ. ಅಡಮಾನವಿಲ್ಲದ ಸಾಲಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವಿನೊಳಗೆ ನೀವು ಒಂದು ಕಂತು ಕಟ್ಟಿ ಸಹಿ ಹಾಕಿದರೆ, ಅಥವಾ ಸಾಲ ಇದೆ ಅಂತ ಬರೆದುಕೊಟ್ಟರೆ, ಲೆಕ್ಕ ಮತ್ತೆ ಮೊದಲಿನಿಂದ ಶುರು. 'ಸುಮ್ನೆ ಒಂದು ಸಹಿ ಹಾಕಿ ಅಣ್ಣಾ' ಅಂತ ಯಾರಾದರೂ ಹಳೇ ಪ್ರೋನೋಟ್ ಹಿಡಿದು ಬಂದರೆ ಕಾರಣ ಇದೇ.

ಆಸ್ತಿಯ ಕಡೆ ಜನ ಮರೆಯುವುದು ಜಾಸ್ತಿ. ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲೂ ಆಸ್ತಿಯೇ. ಮನೆ ಭೋಗ್ಯಕ್ಕೆ ಹಾಕಿದ ದುಡ್ಡು, ಅಂಗಡಿ ಮಳಿಗೆಗೆ ಕೊಟ್ಟ ಅಡ್ವಾನ್ಸ್, ಇನ್ನೂ ಎತ್ತದ ಚೀಟಿ, ಭಾಗವಾಗದ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು, ಇವೂ ಆಸ್ತಿಯೇ. ಪಹಣಿ, ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಇಟ್ಟುಕೊಳ್ಳಿ. ಏನನ್ನಾದರೂ ಬೇಕೆಂದೇ ಮುಚ್ಚಿಟ್ಟದ್ದು ಗೊತ್ತಾದರೆ 1920ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಸಾಲ ತೀರಿಸಲಾಗದ್ದಕ್ಕೆ ಅಲ್ಲ, ಸುಳ್ಳು ಹೇಳಿದ್ದಕ್ಕೆ.

ಈ ಹೊತ್ತಿನಲ್ಲಿ ಮಾಡಲೇಬಾರದ ಕೆಲಸಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮದ್ದೂರು ಕಡೆಯ ಒಬ್ಬರು ಅಂದುಕೊಳ್ಳಿ. ಒಂದು ಎಕರೆ ಗದ್ದೆ, ಕಂತಿನ ಮೇಲೆ ತಗೊಂಡ ಗೂಡ್ಸ್ ಗಾಡಿ, ಮೂರ್ನಾಲ್ಕು ಕಡೆ ಕೈಸಾಲ. ಯಾರೋ ಹೇಳಿದರು ಅಂತ ಗದ್ದೆಯನ್ನು ಹೆಂಡತಿಗೆ ದಾನಪತ್ರ ಮಾಡಿ ರಿಜಿಸ್ಟರ್ ಮಾಡಿಸಿದರು. ಎಂಟು ತಿಂಗಳಿಗೆ ದಿವಾಳಿ ಅರ್ಜಿ ಹಾಕಿದರು. ಗದ್ದೆ ಉಳಿಯಿತಾ? ಇಲ್ಲ. ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಸರಿಯಾದ ಬೆಲೆ ಇಲ್ಲದೆ ಮಾಡಿದ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು. ರಿಜಿಸ್ಟರ್ ಆಗಿದೆ ಅನ್ನುವುದು ಇಲ್ಲಿ ರಕ್ಷಣೆ ಅಲ್ಲ. ತಾರೀಕು ಎದ್ದು ಕಾಣುವುದೂ ಅದರಿಂದಲೇ. ಜೊತೆಗೆ, ಇವರು ಪ್ರಾಮಾಣಿಕರಲ್ಲ ಅನ್ನುವ ಭಾವನೆ ಜಡ್ಜ್ ಮನಸ್ಸಿನಲ್ಲಿ ಕೂತರೆ ಮುಂದಿನ ಪ್ರತಿ ಹಂತವೂ ಕಷ್ಟ.

ಅದೇ ವ್ಯಕ್ತಿ ಇನ್ನೊಂದು ಮಾಡಿದರು. ಕಬ್ಬಿನ ದುಡ್ಡು ಬಂದ ಕೂಡಲೇ ಅಕ್ಕನ ಗಂಡನ ಸಾಲ ಪೂರ್ತಿ ತೀರಿಸಿದರು. 'ಮನೆಯವರದ್ದು ಮೊದಲು ಕೊಡೋಣ, ಬ್ಯಾಂಕಿನವರು ಹೇಗೂ ದೊಡ್ಡವರು' ಅನ್ನುವುದು ನಮ್ಮ ಕಡೆ ಸಹಜ ಯೋಚನೆ. ಕಾನೂನಿಗೆ ಅದು ಸಹಜ ಅಲ್ಲ. ಮಿಕ್ಕವರನ್ನು ಬಿಟ್ಟು ಒಬ್ಬರಿಗೆ ಲಾಭ ಮಾಡಿಕೊಡಲು ದುಡ್ಡು ಕೊಟ್ಟು, ಆಮೇಲೆ ಮೂರು ತಿಂಗಳೊಳಗೆ ದಿವಾಳಿ ಅರ್ಜಿ ಬಿದ್ದರೆ, ಆ ಪಾವತಿ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕನ ಗಂಡ ಆ ದುಡ್ಡನ್ನು ವಾಪಸ್ ಕೊಡಬೇಕಾಗಿ ಬರಬಹುದು. ಸಂಬಂಧ ಉಳಿಸಿಕೊಳ್ಳಲು ಹೋಗಿ ಕೆಡಿಸಿಕೊಂಡ ಹಾಗಾಯಿತು, ಅಲ್ವಾ?

ಸಾಲ ತೀರಿಸಲು ಸಾಧ್ಯವೇ ಇಲ್ಲ ಅಂತ ಗೊತ್ತಾದ ಮೇಲೆ ಹೊಸ ಸಾಲ ತಗೊಳ್ಳಬೇಡಿ. ಲೋನ್ ಆ್ಯಪ್‌ಗಳದ್ದಂತೂ ಬೇಡವೇ ಬೇಡ. ಗೊತ್ತಿದ್ದೂ ಮಾಡಿದ ಸಾಲ, ಜೂಜಿನಲ್ಲಿ ಕಳೆದದ್ದು, ಲೆಕ್ಕಪುಸ್ತಕ ಇಡದೇ ವ್ಯಾಪಾರ ಮಾಡಿದ್ದು ಇವೆಲ್ಲ ಕೊನೆಯಲ್ಲಿ ಸಾಲದಿಂದ ಬಿಡುಗಡೆ ಕೊಡಿ ಅಂತ ಕೋರ್ಟನ್ನು ಕೇಳುವಾಗ ಅಡ್ಡ ಬರುತ್ತವೆ. ಐಪಿಎಲ್ ಬೆಟ್ಟಿಂಗ್ ಸಾಲಕ್ಕೆ ದಿವಾಳಿ ಅರ್ಜಿಯೇ ಮದ್ದು ಅಂದುಕೊಂಡ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಮನೆ ಬಾಗಿಲಿಗೆ ಬರುವವರನ್ನು ನಿಭಾಯಿಸಿ

ದಿವಾಳಿ ಅರ್ಜಿ ಕೇಳಿಕೊಂಡು ಬರುವವರಲ್ಲಿ ತುಂಬಾ ಜನರಿಗೆ ಬೇಕಾಗಿರುವುದು ಕಾಟ ನಿಲ್ಲುವುದು. ಅದಕ್ಕೆ ಬೇರೆ ದಾರಿ ಇದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬೆದರಿಕೆ, ಊರವರ ಮುಂದೆ ಅವಮಾನ, ನೆಂಟರಿಗೆ ಫೋನ್ ಮಾಡುವುದು, ಇದ್ಯಾವುದಕ್ಕೂ ಅವಕಾಶ ಇಲ್ಲ. ಮೊದಲು ಬ್ಯಾಂಕಿಗೆ ಅಥವಾ ಫೈನಾನ್ಸ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಹೋಗಿ. ಶುಲ್ಕ ಇಲ್ಲ. ಮಾಹಿತಿಗೆ 14448.

ಮೈಕ್ರೋ ಫೈನಾನ್ಸ್ ಕಾಟ ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ಎಷ್ಟು ಜೋರಾಯಿತು ಅಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದನ್ನು 'ಸಂಘದ ಸಾಲ ಎಲ್ಲಾ ಮನ್ನಾ' ಅಂತ ಓದಿಕೊಂಡವರಿದ್ದಾರೆ. ಹಾಗಲ್ಲ. ಕಾಟ ಕೊಡುವುದು ಅಪರಾಧ, ಆದರೆ ನೋಂದಣಿ ಇರುವ ಸಂಸ್ಥೆಯ ಸಾಲ ಸಾಲವಾಗಿಯೇ ಇರುತ್ತದೆ.

ರಾತ್ರಿ ನಿದ್ದೆ ಬರದೆ ಬೇಡದ ಯೋಚನೆ ಬರುತ್ತಿದ್ದರೆ ಕಾನೂನು ಆಮೇಲೆ ನೋಡೋಣ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತುಕತೆ ಒಂದು ಸುತ್ತು ಆಗಲಿ

ಒಟಿಎಸ್, ಅಂದರೆ ಒಂದೇ ಸಲಕ್ಕೆ ಇಷ್ಟು ಕಟ್ಟಿ ಸಾಲ ಮುಗಿಸುವ ರಾಜಿ, ಕೇಳುವುದಕ್ಕೆ ನಾಚಿಕೆ ಬೇಡ. ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಬ್ಯಾಂಕುಗಳೇ ಕರೆಯುತ್ತವೆ. ಒಪ್ಪಂದ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಇರಲಿ. ದುಡ್ಡು ಸಾಲದ ಖಾತೆಗೇ ಹೋಗಲಿ, ವಸೂಲಿ ಹುಡುಗನ ಫೋನ್‌ಪೇಗೆ ಬೇಡ. ಮುಗಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳಿ, ಪಹಣಿಯ ಋಣದ ಕಾಲಂನಿಂದ ಸಾಲ ತೆಗೆಸಿ. ಅಡ ಇಟ್ಟ ಮೂಲ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ವಾಪಸ್ ಕೊಡಬೇಕು. ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅನ್ನುವ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಸೆಟ್ಲ್‌ಮೆಂಟ್ ಮಾಡಿದ್ದು ಸಿಬಿಲ್‌ನಲ್ಲಿ ಕಾಣುತ್ತೆ, ಅದಂತೂ ನಿಜ.

ಲೋಕ ಅದಾಲತ್ ಇನ್ನೊಂದು ದಾರಿ. ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿಗೆ ಅಪೀಲೂ ಇಲ್ಲ. ಹಾಗಾಗಿ ಕಟ್ಟಲು ಆಗದ ಕಂತಿಗೆ ಅಲ್ಲಿ ತಲೆ ಆಡಿಸಬೇಡಿ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು, ಇವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಅರ್ಜಿ ಹಾಕುವುದಾದರೆ

ಇಷ್ಟೆಲ್ಲ ಆದ ಮೇಲೂ ಲೆಕ್ಕ ಕೂಡದಿದ್ದರೆ ಅರ್ಜಿಯ ಮಾತು. ಕೋರ್ಟ್ ಯಾವುದು? ನೀವು ವಾಸ ಇರುವ ಅಥವಾ ವ್ಯಾಪಾರ ಮಾಡುವ ಜಾಗದ ಜಿಲ್ಲಾ ನ್ಯಾಯಾಲಯ, ಇಲ್ಲವೇ ಸರ್ಕಾರ ಈ ಅಧಿಕಾರ ಕೊಟ್ಟ ಕೆಳಗಿನ ಕೋರ್ಟ್. ಮನೆ ಮೈಸೂರು, ಅಂಗಡಿ ಶ್ರೀರಂಗಪಟ್ಟಣ ಅಂದರೆ ಎರಡರಲ್ಲಿ ಒಂದು ಕಡೆ ಹಾಕಬಹುದು. ಬೆಂಗಳೂರಿಗೆ ಹೋಗಬೇಕು ಅನ್ನುವವರು ಕಂಪನಿ ದಿವಾಳಿಯ ಕೋರ್ಟನ್ನು ನೆನೆಸಿಕೊಂಡಿರುತ್ತಾರೆ.

ಸಾಲ ಎಷ್ಟಿರಬೇಕು? 1920ರಲ್ಲಿ ಕಾಯ್ದೆ ಬರೆದಾಗ 500 ರೂಪಾಯಿ ಇದ್ದರೆ ಸಾಕು ಅಂತ ಇಟ್ಟಿದ್ದರು. ಹಾಗಾಗಿ 'ನಿಮ್ಮ ಸಾಲ ಚಿಕ್ಕದು, ಆಗಲ್ಲ' ಅನ್ನುವ ಮಾತಿಗೆ ಹೆದರಬೇಡಿ. ತೀರಿಸುವ ಶಕ್ತಿ ಇಲ್ಲ ಅನ್ನುವುದನ್ನು ಮಾತ್ರ ಮೇಲ್ನೋಟಕ್ಕಾದರೂ ತೋರಿಸಬೇಕು.

ಒಮ್ಮೆ ಹಾಕಿದ ಅರ್ಜಿಯನ್ನು ಕೋರ್ಟಿನ ಅನುಮತಿ ಇಲ್ಲದೆ ವಾಪಸ್ ತಗೊಳ್ಳುವಂತಿಲ್ಲ. ಹೆದರಿಸಲು ಒಂದು ಐಪಿ ಹಾಕಿ, ಸಾಲ ಕೊಟ್ಟವರು ಬಗ್ಗಿದ ಮೇಲೆ ತೆಗೆದುಬಿಡೋಣ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಸಾಲ ಕೊಟ್ಟವರಿಗೆಲ್ಲ ನೋಟಿಸ್ ಹೋಗುತ್ತದೆ, ಅವರು ಬಂದು ತಕರಾರು ಮಾಡಬಹುದು.

ಅರ್ಜಿ ಹಾಕಿದ ದಿನವೇ ಎಲ್ಲಾ ಕೇಸು ನಿಲ್ಲುತ್ತೆ ಅನ್ನುವುದೂ ಸರಿಯಲ್ಲ. ಕೋರ್ಟ್ ದಿವಾಳಿ ಅಂತ ಘೋಷಿಸಿದ ಮೇಲೆ, ಕೋರ್ಟಿನ ಅನುಮತಿ ಇಲ್ಲದೆ ಯಾರೂ ಆ ಸಾಲಕ್ಕೆ ಹೊಸ ದಾವೆ ಹಾಕುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕಿದ್ದರೆ ಅದಕ್ಕೆ ಬೇರೆ ಆದೇಶ ಕೇಳಬೇಕು. ಚೆಕ್ ಬೌನ್ಸ್ ಕೇಸು ಇದ್ಯಾವುದಕ್ಕೂ ನಿಲ್ಲುವುದಿಲ್ಲ, ಅದು ಕ್ರಿಮಿನಲ್. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಇದೆ. ಬೌನ್ಸ್ ನೋಟಿಸ್ ಬಂದರೆ 15 ದಿನದೊಳಗೆ ದುಡ್ಡು ಕಟ್ಟುವ ಅವಕಾಶ ಇರುತ್ತದೆ. ಆ ಲಕೋಟೆಯನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿ ಜಾಣತನ ಮಾಡಬೇಡಿ.

ಜೈಲಿನ ಭಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಇಲ್ಲದ್ದಕ್ಕೆ ಕೊಡಲಾಗದವರನ್ನು ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಕೊಡದವರನ್ನು ಸಿವಿಲ್ ಜೈಲಿಗೆ ಕಳಿಸಬಹುದು, ಅದೂ ಹೆಚ್ಚೆಂದರೆ ಮೂರು ತಿಂಗಳು. ಹಣ ಕಟ್ಟಬೇಕು ಅನ್ನುವ ಕೋರ್ಟಿನ ತೀರ್ಪಿಗೆ (ಡಿಕ್ರಿ) ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ಏನು ಹೋಗುತ್ತೆ, ಏನು ಉಳಿಯುತ್ತೆ

ಘೋಷಣೆ ಆದ ಮೇಲೆ ನಿಮ್ಮ ಆಸ್ತಿ ಕೋರ್ಟಿನ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಬಿಡುಗಡೆಗೆ ಮೊದಲು ನಿಮಗೆ ಹೊಸದಾಗಿ ಬರುವ ಆಸ್ತಿಯೂ ಅಷ್ಟೇ. ಆದರೆ ಅಮೀನ ಬಂದು ಪಾತ್ರೆಪಗಡ ಎಲ್ಲ ಎತ್ತಿಕೊಂಡು ಹೋಗುವ ದೃಶ್ಯ ಹಳೇ ಸಿನಿಮಾದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿ ಮಾಡಬಾರದ ವಸ್ತುಗಳನ್ನು ಹೆಸರಿಸುತ್ತದೆ. ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿಯಂತೆ ಧರ್ಮದ ರೂಢಿಯಲ್ಲಿ ಹೆಣ್ಣು ಬಿಚ್ಚಿಕೊಡಲಾಗದ ಒಡವೆ, ಕಸುಬುದಾರರ ಸಲಕರಣೆ, ರೈತರ ಬದುಕಿಗೆ ಬೇಕಾದ ನೇಗಿಲು, ದನ, ಬಿತ್ತನೆ ಬೀಜ ಇವೆಲ್ಲ ಉಳಿಯುತ್ತವೆ. ರೈತ, ಕೂಲಿ ಕೆಲಸದವರು ವಾಸ ಇರುವ ಸ್ವಂತ ಮನೆಯೂ ಈ ಪಟ್ಟಿಯಲ್ಲಿದೆ. ಪಿಎಫ್, ಜೀವವಿಮೆಯ ಹಣ ಕೂಡ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಹೊಲ ಮಾತ್ರ ಈ ಪಟ್ಟಿಯಲ್ಲಿ ಇಲ್ಲ, ಅದು ನೆನಪಿರಲಿ.

ಅಡಮಾನದ ಕಥೆ ಬೇರೆ. ಅಡ ಇಟ್ಟ ಮನೆ, ಚಿನ್ನ, ಕಂತಿನ ಗಾಡಿ, ಇವುಗಳ ಮೇಲೆ ಸಾಲ ಕೊಟ್ಟವರ ಹಕ್ಕನ್ನು ದಿವಾಳಿ ಘೋಷಣೆ ತಡೆಯುವುದಿಲ್ಲ. ಚಿನ್ನದ ಹರಾಜು ನಿಲ್ಲಿಸಲು ಐಪಿ ಹಾಕಿದರೆ ಹರಾಜೂ ಆಗುತ್ತೆ, ಐಪಿಯೂ ತಲೆ ಮೇಲೆ ಇರುತ್ತೆ. ಮನೆ ಮೇಲಿನ ಸಾಲಕ್ಕೆ ಬ್ಯಾಂಕು ಸರ್ಫೇಸಿ (ಕೋರ್ಟಿಗೆ ಹೋಗದೆಯೇ ಅಡಮಾನ ವಶಕ್ಕೆ ತಗೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ನೋಟಿಸ್ ಕೊಟ್ಟರೆ 60 ದಿನ ಸಮಯ ಇರುತ್ತದೆ. ಆಮೇಲೆ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಡಿಆರ್‌ಟಿಗೆ (ಸಾಲ ವಸೂಲಿ ನ್ಯಾಯಮಂಡಳಿ) ಹೋಗಬೇಕು. ಕೃಷಿ ಜಮೀನಿಗೆ ಸರ್ಫೇಸಿ ಅನ್ವಯಿಸುವುದಿಲ್ಲ. ಅಂದರೆ ಜಮೀನು ಪೂರ್ತಿ ಸೇಫ್ ಅಂತಲ್ಲ, ಬ್ಯಾಂಕು ಕೋರ್ಟಿನ ದಾರಿ ಹಿಡಿಯಬೇಕು ಅಂತ.

ಜಾಮೀನುದಾರರ ವಿಷಯ ನನಗೆ ಎಲ್ಲಕ್ಕಿಂತ ಬೇಸರದ್ದು. ನೀವು ದಿವಾಳಿಯಾದರೆ ನಿಮಗೆ ಜಾಮೀನು ನಿಂತವರು ಬಿಡುಗಡೆ ಆಗುವುದಿಲ್ಲ. ಕೊನೆಗೆ ನಿಮಗೆ ಬಿಡುಗಡೆ ಸಿಕ್ಕರೂ ಅವರಿಗೆ ಸಿಗುವುದಿಲ್ಲ. ಊರಿನ ಮೇಷ್ಟ್ರೊಬ್ಬರು ನಂಬಿ ಸಹಿ ಹಾಕಿದ್ದರೆ, ಬ್ಯಾಂಕು ಮಾರನೇ ದಿನ ಅವರ ಸಂಬಳದ ಕಡೆ ನೋಡುತ್ತದೆ. ಅರ್ಜಿ ಹಾಕುವ ಮುಂಚೆ ಅವರ ಮನೆಗೆ ಹೋಗಿ, ಎದುರು ಕೂತು ಹೇಳಿ. ನೋಟಿಸ್ ನೋಡಿ ಅವರಿಗೆ ಗೊತ್ತಾಗಬಾರದು.

ಹೆಂಡತಿ, ಮಕ್ಕಳ ಸ್ವಂತ ದುಡಿಮೆಯ ಆಸ್ತಿ ನಿಮ್ಮ ಸಾಲಕ್ಕೆ ಬರುವುದಿಲ್ಲ. ಅವರೂ ಸಾಲಪತ್ರಕ್ಕೆ ಸಹಿ ಹಾಕಿದ್ದರೆ ಮಾತ್ರ ಬರುತ್ತದೆ. ತೀರಿಹೋದ ಅಪ್ಪನ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ. ಅಪ್ಪ ಏನೂ ಬಿಟ್ಟು ಹೋಗಿರದಿದ್ದರೆ ಸಾಲ ಕೊಟ್ಟವರು ಮಕ್ಕಳ ಸಂಬಳಕ್ಕೆ ಕೈ ಹಾಕುವಂತಿಲ್ಲ.

ಮತದಾನದ ಹಕ್ಕು ಹೋಗುತ್ತೆ ಅನ್ನುವುದು ಸುಳ್ಳು. ಚುನಾವಣೆಗೆ ನಿಲ್ಲುವ ಹಕ್ಕು ಮಾತ್ರ ಬಿಡುಗಡೆ ಆಗುವವರೆಗೆ ಇರುವುದಿಲ್ಲ. ಶಾಸಕ, ಸಂಸದ, ಸ್ಥಳೀಯ ಸಂಸ್ಥೆ, ಎಲ್ಲಕ್ಕೂ ಇದು ಅನ್ವಯ. ಕಂಪನಿ ಡೈರೆಕ್ಟರ್ ಆಗುವಂತಿಲ್ಲ. ಸರ್ಕಾರಿ ನೌಕರರು ಇಲಾಖೆಗೆ ತಿಳಿಸಬೇಕು.

ಕೊನೇ ಅರ್ಜಿ ಮರೆಯಬೇಡಿ

ದಿವಾಳಿ ಅಂತ ಘೋಷಣೆ ಆದರೆ ಸಾಲ ಹೋಯಿತು ಅಂತ ಮನೆಗೆ ಹೋಗಿಬಿಡುತ್ತಾರೆ. ಪಾಪರ್ ಚೀಟಿ ಅಂತ ಜನ ಹೇಳುವುದು ಇದನ್ನೇ. ಸಾಲದಿಂದ ಬಿಡುಗಡೆ ಅನ್ನುವುದು ಬೇರೆ ಆದೇಶ. ಘೋಷಣೆ ಮಾಡುವಾಗಲೇ ಕೋರ್ಟ್ ಒಂದು ಅವಧಿ ಹೇಳುತ್ತದೆ, ಅದರೊಳಗೆ ನೀವೇ ಬಿಡುಗಡೆಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ದಿವಾಳಿ ಘೋಷಣೆಯೇ ರದ್ದಾಗುತ್ತದೆ. ಸಾಲ ಕೊಟ್ಟವರೆಲ್ಲ ಮತ್ತೆ ಬಾಗಿಲಿಗೆ ಬರುತ್ತಾರೆ, ಎರಡನೇ ಸಲ ಅರ್ಜಿ ಹಾಕಲು ಕೋರ್ಟಿನ ಅನುಮತಿ ಬೇಕು. ಆ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವಕೀಲರು ನೆನಪಿಸುತ್ತಾರೆ ಅಂತ ಬಿಡಬೇಡಿ.

ಬಿಡುಗಡೆ ಕೇಳುವಾಗ ಕೋರ್ಟ್ ನಿಮ್ಮ ನಡತೆ ನೋಡುತ್ತದೆ. ಆಸ್ತಿ ಮಾರಿ ಬಂದದ್ದು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಅಂತ ಒಪ್ಪಿಸಬೇಕು. ಮಳೆ ಕೈ ಕೊಟ್ಟದ್ದು, ಮನೆಯವರ ಕಾಯಿಲೆ, ಗಾಡಿ ಆಕ್ಸಿಡೆಂಟ್ ಇಂಥವಕ್ಕೆ ದಾಖಲೆ ಇದ್ದರೆ ಈಗಿನಿಂದಲೇ ಫೈಲ್ ಮಾಡಿ. ಆಸ್ಪತ್ರೆ ಬಿಲ್ಲು, ಬೆಳೆ ಹಾನಿಯ ಕಾಗದ, ಪೊಲೀಸ್ ದೂರಿನ ಪ್ರತಿ ಏನಿದ್ದರೂ ಸರಿ. ಒಪ್ಪಿಸಲಾಗದಿದ್ದರೆ ಕೋರ್ಟ್ ಬಿಡುಗಡೆಯನ್ನು ಮುಂದೂಡಬಹುದು, ಷರತ್ತು ಹಾಕಬಹುದು.

ಬಿಡುಗಡೆ ಸಿಕ್ಕ ಮೇಲೂ ಕೆಲವು ಸಾಲ ಉಳಿಯುತ್ತವೆ. ಸರ್ಕಾರಕ್ಕೆ ಕಟ್ಟಬೇಕಾದದ್ದು, ಮೋಸ ಮಾಡಿ ಪಡೆದದ್ದು, ಹೆಂಡತಿ ಮಕ್ಕಳಿಗೆ ಕೋರ್ಟ್ ಹೇಳಿದ ಜೀವನಾಂಶ, ಇವು ಹೋಗುವುದಿಲ್ಲ. ಬಿಡುಗಡೆಗೆ ಮೊದಲು ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ತಗೊಂಡರೆ, ದಿವಾಳಿ ಆಗಿದ್ದೇನೆ ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು. 50 ರೂಪಾಯಿಗೆ ಇವತ್ತು ಮೈಸೂರಿನಲ್ಲಿ ಮಸಾಲೆದೋಸೆ, ಕಾಫಿ ಆಗುವುದೂ ಕಷ್ಟ, ಆದರೆ ಕಾಯ್ದೆಯಲ್ಲಿ ಇರುವ ಅಂಕಿ ಅದೇ.

ಬಿಡುಗಡೆ ಆದೇಶದ ದೃಢೀಕೃತ ಪ್ರತಿಯನ್ನು ಮೂರ್ನಾಲ್ಕು ತೆಗೆಸಿಕೊಳ್ಳಿ. ಸಾಲ ಕೊಟ್ಟ ಪ್ರತಿಯೊಬ್ಬರಿಗೂ ಅದರ ಜೆರಾಕ್ಸ್ ಅನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಗಳನ್ನು ಅದೇ ನೋಟ್‌ಬುಕ್‌ಗೆ ಅಂಟಿಸಿಡಿ.